ಮಿದುಳು ನಿಷ್ಕ್ರಿಯ ಎಂದಾಗ ಅಂಗಾಂಗ ದಾನ: ಮನೆಯವರು ಏನು ಕೇಳಬೇಕು, ಎಲ್ಲಿ ಸಹಿ ಹಾಕಬೇಕು?

ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದೋ, ಮಿದುಳಿನಲ್ಲಿ ರಕ್ತಸ್ರಾವವಾಗಿಯೋ ಐಸಿಯು ಸೇರಿದವರ ಮಿದುಳು ಸತ್ತಿದೆ ಎಂದು ವೈದ್ಯರು ಹೇಳಿದ ಮೇಲೆ ಮನೆಯವರಿಗೆ ಯೋಚಿಸಲು ಹೆಚ್ಚು ಹೊತ್ತು ಇರುವುದಿಲ್ಲ. ಆ ಹೊತ್ತಿನಲ್ಲಿ ಯಾರು ಏನು ಮಾಡಬೇಕು, ಏನು ಮಾಡಕೂಡದು ಎಂಬುದನ್ನು 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಗೊತ್ತುಮಾಡಿದೆ.

ಮೊದಲ ಹೆಜ್ಜೆ: ಸಾವು ಖಚಿತವಾಗಿದೆಯೇ?

ಒಬ್ಬ ವೈದ್ಯರ ಮಾತು ಸಾಲದು. ಆಸ್ಪತ್ರೆಯ ಮುಖ್ಯಸ್ಥರು, ಚಿಕಿತ್ಸೆ ನೀಡುತ್ತಿರುವ ವೈದ್ಯರು, ಒಬ್ಬ ಸ್ವತಂತ್ರ ತಜ್ಞರು ಮತ್ತು ನರರೋಗ ತಜ್ಞರು ಅಥವಾ ನರ ಶಸ್ತ್ರಚಿಕಿತ್ಸಕರು, ಹೀಗೆ ನಾಲ್ವರ ಮಂಡಳಿ ಪರೀಕ್ಷಿಸಬೇಕು. ಕಸಿ ಮಾಡುವ ತಂಡದವರು ಇದರಲ್ಲಿ ಇರುವಂತಿಲ್ಲ. ಇಡೀ ಕಾಯ್ದೆಯ ನೈತಿಕ ಬೆನ್ನೆಲುಬು ಇದೇ: ಅಂಗ ಬೇಕಾದವರು ಸಾವನ್ನು ತೀರ್ಮಾನಿಸಬಾರದು.

ಪರೀಕ್ಷೆ ಎರಡು ಸಲ, ಕನಿಷ್ಠ 6 ಗಂಟೆಗಳ ಅಂತರದಲ್ಲಿ ನಡೆಯುತ್ತದೆ. ಕಣ್ಣಿನ ಪಾಪೆ ಬೆಳಕಿಗೆ ಕುಗ್ಗುತ್ತದೆಯೇ, ಗಂಟಲಿಗೆ ನಳಿಕೆ ತಾಗಿಸಿದರೆ ಕೆಮ್ಮು ಬರುತ್ತದೆಯೇ, ಕಿವಿಗೆ ತಣ್ಣೀರು ಬಿಟ್ಟಾಗ ಕಣ್ಣು ಚಲಿಸುತ್ತದೆಯೇ ಎಂದು ನೋಡುತ್ತಾರೆ. ಕೊನೆಗೆ ವೆಂಟಿಲೇಟರ್ ಬಿಡಿಸಿ, ಆಮ್ಲಜನಕ ಕೊಡುತ್ತಲೇ, ತಾನಾಗಿ ಉಸಿರು ಬರುತ್ತದೆಯೇ ಎಂದು ಕಾಯುತ್ತಾರೆ. ಮೈ ತೀರಾ ತಣ್ಣಗಿದ್ದರೆ ಅಥವಾ ಮಂಪರು ಔಷಧದ ಪರಿಣಾಮ ಇಳಿದಿರದಿದ್ದರೆ ಫಲಿತಾಂಶ ನೆಚ್ಚುವಂಥದ್ದಲ್ಲ. ಅವೆರಡನ್ನೂ ನೋಡಿದ್ದೀರಾ ಎಂದು ಕೇಳಿ, ಸಂಕೋಚ ಬೇಡ. ನಾಲ್ವರೂ ಸಹಿ ಮಾಡಿದ ನಮೂನೆ 10, ಅಂದರೆ ಮಿದುಳು ಸಾವಿನ ಪ್ರಮಾಣಪತ್ರ, ತೋರಿಸುವಂತೆಯೂ ಕೇಳಬಹುದು.

ಮನಸ್ಸು ಒಪ್ಪದಿರುವುದು ಸಾಮಾನ್ಯವಾಗಿ ಎದೆ ಬಡಿತ ಕಂಡಾಗ. ಹೃದಯಕ್ಕೆ ತನ್ನದೇ ವಿದ್ಯುತ್ ವ್ಯವಸ್ಥೆಯಿದೆ, ಯಂತ್ರ ಆಮ್ಲಜನಕ ಒದಗಿಸುವವರೆಗೆ ಸ್ವಲ್ಪ ಕಾಲ ಬಡಿಯುತ್ತದೆ. ಬೆನ್ನುಹುರಿಯಿಂದಾಗಿ ಕೈಕಾಲು ಅಲುಗಿದರೂ ಅದು ಎಚ್ಚರದ ಗುರುತಲ್ಲ. ಕೋಮಾದಲ್ಲಿ ಇರುವವರು ಮರಳಬಹುದು, ಇಲ್ಲಿ ಆ ಸಾಧ್ಯತೆ ಇಲ್ಲ.

ಎರಡನೆಯದು ಒಪ್ಪಿಗೆ

ದಾನದ ಬಗ್ಗೆ ನಿಮ್ಮೊಂದಿಗೆ ಮಾತನಾಡುವವರು ಆಸ್ಪತ್ರೆಯ ಕಸಿ ಸಂಯೋಜಕರು. ಹತ್ತಿರದ ಸಂಬಂಧಿ ನಮೂನೆ 8ಕ್ಕೆ ಸಹಿ ಹಾಕಬೇಕು. ತೀರಿಕೊಂಡವರು ಮಕ್ಕಳಾಗಿದ್ದರೆ ತಂದೆ ಅಥವಾ ತಾಯಿ ನಮೂನೆ 9ಕ್ಕೆ ಸಹಿ ಹಾಕಬೇಕು. ಯಾವ ಅಂಗ ಕೊಡುತ್ತೀರಿ ಎಂಬ ಆಯ್ಕೆ ನಿಮ್ಮದೇ; ಮೂತ್ರಪಿಂಡ ಕೊಟ್ಟು ಕಣ್ಣು ಬೇಡವೆನ್ನಬಹುದು. ಬೇಡವೇ ಬೇಡ ಎಂದರೂ ಯಾರೂ ಒತ್ತಾಯಿಸುವಂತಿಲ್ಲ.

ತೀರಿಕೊಂಡವರು ಮೊದಲೇ ನಮೂನೆ 7ರಲ್ಲಿ ಪ್ರತಿಜ್ಞೆ ಮಾಡಿದ್ದರೂ ಆಸ್ಪತ್ರೆ ಮನೆಯವರನ್ನು ಕೇಳಿಯೇ ಮುಂದುವರಿಯುತ್ತದೆ. ಆ ನಮೂನೆಗೆ ಇಬ್ಬರು ಸಾಕ್ಷಿಗಳು, ಅವರಲ್ಲಿ ಒಬ್ಬರು ಹತ್ತಿರದ ಸಂಬಂಧಿ, ಇರಬೇಕೆಂಬ ನಿಯಮವಿರುವುದರಿಂದ ವಿಷಯ ಮನೆಯಲ್ಲಿ ಮೊದಲೇ ಗೊತ್ತಿರಬೇಕು. ಆದರೂ ದಾನಿ ಕಾರ್ಡ್ ಪರ್ಸಿನಲ್ಲೇ ಉಳಿದು, ಮನೆಯಲ್ಲಿ ಯಾರಿಗೂ ತಿಳಿಯದಿದ್ದರೆ ದಾನ ಅಲ್ಲಿಗೇ ನಿಲ್ಲಬಹುದು.

ಅಂಗ ಯಾರಿಗೆ ಹೋಗುತ್ತದೆ ಎಂಬುದನ್ನು ನೀವಾಗಲಿ ಆಸ್ಪತ್ರೆಯಾಗಲಿ ನಿರ್ಧರಿಸುವುದಿಲ್ಲ. ಕರ್ನಾಟಕದಲ್ಲಿ ಜೀವಸಾರ್ಥಕತೆ ಸಂಸ್ಥೆ ಕಾಯುವವರ ಪಟ್ಟಿ ನೋಡಿ ಹಂಚುತ್ತದೆ. ಪಡೆದವರ ಹೆಸರು ನಿಮಗೆ ಹೇಳುವುದಿಲ್ಲ. ಯಾರಾದರೂ ಹಣದ ಮಾತೆತ್ತಿದರೆ ಅಲ್ಲಿಗೇ ನಿಲ್ಲಿಸಿ: ಅಂಗ ಮಾರಾಟಕ್ಕೆ 5ರಿಂದ 10 ವರ್ಷ ಸೆರೆ, 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡವಿದೆ.

ಖರ್ಚು ಮತ್ತು ಪೊಲೀಸ್ ಕೆಲಸ

ದಾನಕ್ಕೆಂದು ದೇಹವನ್ನು ಕಾಪಾಡುವ, ಅಂಗ ತೆಗೆಯುವ, ಸಾಗಿಸುವ ಖರ್ಚು ದಾನಿಯ ಕುಟುಂಬದ ಮೇಲೆ ಬೀಳಬಾರದು. ಅದಕ್ಕೂ ಮುಂಚಿನ ಚಿಕಿತ್ಸೆಯ ಬಿಲ್ ಬೇರೆ. ಒಪ್ಪಿಗೆ ಕೊಟ್ಟ ಸಮಯ ಬರೆಸಿ, ನಿಮ್ಮ ಬಿಲ್ ಯಾವ ಹೊತ್ತಿಗೆ ನಿಲ್ಲಿಸುತ್ತಾರೆ ಎಂದು ಕೇಳಿಟ್ಟುಕೊಳ್ಳಿ.

ಅಪಘಾತದ ಪ್ರಕರಣವಾದರೆ ಪೊಲೀಸರ ಒಪ್ಪಿಗೆ ಮತ್ತು ಮರಣೋತ್ತರ ಪರೀಕ್ಷೆ ಎರಡೂ ಬೇಕು. ದೇಹ ಸಿಗುವುದು ತಡವಾಗಲು ಮುಖ್ಯ ಕಾರಣ ಈ ಕಾಗದಗಳೇ. ಒಪ್ಪಿಗೆ ಕೊಟ್ಟ ಕೂಡಲೇ ಠಾಣೆಗೆ ತಿಳಿಸುವಂತೆ ಸಂಯೋಜಕರಿಗೆ ಹೇಳಿ, ಅಂಗ ತೆಗೆಯುವಾಗಲೇ ಪೋಸ್ಟ್‌ಮಾರ್ಟಂ ಆಗುವ ಸಾಧ್ಯತೆಯಿದೆಯೇ ಕೇಳಿ. ಅಂತ್ಯಸಂಸ್ಕಾರಕ್ಕೆ ಊರಿಗೆ ಒಯ್ಯಬೇಕಿದ್ದರೆ ಅದನ್ನೂ ಮೊದಲೇ ತಿಳಿಸಿ. ಹೊಲಿಗೆ ಹಾಕಿಯೇ ದೇಹ ಒಪ್ಪಿಸುತ್ತಾರೆ, ಮುಖ ವಿರೂಪವಾಗುವುದಿಲ್ಲ.

ಶಸ್ತ್ರಚಿಕಿತ್ಸೆಗೆ ಮುಂಚೆಯೇ ಹೃದಯ ನಿಂತುಹೋದರೆ ಮೂತ್ರಪಿಂಡ, ಯಕೃತ್ತು ಸಾಮಾನ್ಯವಾಗಿ ಕೈತಪ್ಪುತ್ತವೆ. ಆಗಲೂ ಕಣ್ಣು ಕೊಡಬಹುದು, ಆದರೆ 6 ಗಂಟೆಯೊಳಗೆ ತೆಗೆಯಬೇಕು. ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಕೊಡಿ, ಫ್ಯಾನ್ ಆರಿಸಿ, ನೇತ್ರ ಬ್ಯಾಂಕಿಗೆ ಫೋನ್ ಮಾಡಿ.