ಹವಳವನ್ನು ಬಿಸಿಗೆ ಪಳಗಿಸಿದ್ದು: ಎರಡು ಟಬ್ಬು, ಹತ್ತು ವಾರ

ಮೊದಲು ಫಲಿತಾಂಶ. ಹತ್ತು ವಾರ ಬಿಸಿಗೆ ಪಳಗಿಸಿದ ಹನ್ನೆರಡು ತುಂಡು ಜೀವಂತ ಹವಳ ಮನೆಯ ಉಪ್ಪುನೀರಿನ ಟಬ್ಬಿನಲ್ಲಿ 31.5 ಡಿಗ್ರಿಯಲ್ಲಿ ಹತ್ತು ದಿನ ತಡೆದವು. ಹತ್ತರ ಬಣ್ಣ ಹಾಗೇ ಉಳಿಯಿತು, ಎರಡು ತುಸು ತಿಳಿಯಾದವು, ಒಂದೂ ಸಾಯಲಿಲ್ಲ. ಅದೇ ತಾಯಿ ಹವಳಗಳಿಂದ ಕತ್ತರಿಸಿ 26.5ರಲ್ಲೇ ಇಟ್ಟಿದ್ದ ಇನ್ನೊಂದು ಟಬ್ಬಿನ ಹನ್ನೆರಡರಲ್ಲಿ ಅದೇ ಪರೀಕ್ಷೆಗೆ ಒಂಬತ್ತು ಬೆಳ್ಳಗಾದವು (ಬಣ್ಣ ಕೊಡುವ ಒಳಗಿನ ಪಾಚಿಯನ್ನು ಕಳೆದುಕೊಂಡವು), ಐದು ಸತ್ತವು. ‘ನೀರು 27 ದಾಟಿದರೆ ಅಕ್ರೋಪೋರಾ (ಕವಲೊಡೆಯುವ ಒಂದು ಬಗೆಯ ಕಲ್ಲುಹವಳ) ಕಥೆ ಮುಗೀತು’ ಎಂದು ವರ್ಷಗಟ್ಟಲೆ ಹೇಳುತ್ತಿದ್ದ ಗೆಳೆಯರಿಗೆ ಎರಡೂ ಟಬ್ಬಿನ ಫೋಟೋ ಕಳಿಸಿದ್ದೇನೆ. ಈಗ ಅವರೇ ವಿಧಾನ ಕೇಳುತ್ತಿದ್ದಾರೆ.

ಇಲ್ಲಿ ಟೆಕ್ಸಾಸ್‌ನಲ್ಲಿ ಆಗಸ್ಟ್ ತಿಂಗಳಲ್ಲಿ ಕರೆಂಟು ಹೋಗಿ ಎಸಿ ನಿಂತರೆ ಐದಾರು ಗಂಟೆಯಲ್ಲಿ ಟ್ಯಾಂಕು 30 ಮುಟ್ಟುತ್ತದೆ. ಅದಕ್ಕೇ ಇದಕ್ಕೆ ಕೈ ಹಾಕಿದ್ದು. ರೀಫ್ ಟ್ಯಾಂಕ್ (ಹವಳ ಬೆಳೆಸುವ ಉಪ್ಪುನೀರಿನ ಟ್ಯಾಂಕು) ನಡೆಸುತ್ತಿರುವವರಿಗಾಗಿ ಬರೆಯುತ್ತಿರುವುದರಿಂದ ಉಪ್ಪು ಕಲಸುವುದು, ತುಂಡು ಕತ್ತರಿಸಿ ಅಂಟಿಸುವುದು ಇವನ್ನೆಲ್ಲ ಬಿಟ್ಟಿದ್ದೇನೆ. ಊರಲ್ಲಿರುವವರು ಮಾತ್ರ ದಯವಿಟ್ಟು ಇದಕ್ಕೆ ಕೈ ಹಾಕಬೇಡಿ. ಭಾರತದಲ್ಲಿ ಕಲ್ಲುಹವಳಗಳಿಗೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋದಾಗ ತಳದಲ್ಲಿ ಬಿದ್ದಿರುವ ತುಂಡನ್ನೂ ಎತ್ತಿಕೊಳ್ಳಬಾರದು. ನಾನು ಬಳಸಿದ್ದು ಟ್ಯಾಂಕಿನಲ್ಲೇ ಕತ್ತರಿಸಿ, ಬೆಳೆಸಿ, ಮತ್ತೆ ಕತ್ತರಿಸಿ ವರ್ಷಗಳಿಂದ ಕೈ ಬದಲಾಗುತ್ತಾ ಬಂದ ಹವಳಗಳನ್ನು.

ಮೊದಲ ಸಲ ಕೆಟ್ಟದ್ದು ವಿಚಾರವೇ ತಪ್ಪಾಗಿದ್ದರಿಂದ. ವಾರಕ್ಕೆ ಅರ್ಧ ಡಿಗ್ರಿಯಂತೆ ಏರಿಸುತ್ತಾ 30.5ಕ್ಕೆ ತಂದು ಅಲ್ಲೇ ನಿಲ್ಲಿಸಿದ್ದೆ. ಮೆಲ್ಲಗೆ ಏರಿಸಿದರೆ ಒಗ್ಗಿಕೊಳ್ಳುತ್ತವೆ ಎಂಬ ನಂಬಿಕೆ. ನಿಲ್ಲಿಸಿದ ಮೂರನೇ ವಾರಕ್ಕೆ ಸ್ಟೈಲೋಫೋರಾ ಎಂಬ ಇನ್ನೊಂದು ಬಗೆಯ ಹವಳ ತಿಳಿಯಾಯಿತು, ಐದನೇ ವಾರಕ್ಕೆ ಅಕ್ರೋಪೋರಾ ಸುಣ್ಣದ ಕಡ್ಡಿಯಂತಾಯಿತು. ಬಿಸಿಯ ಏಟು ದಿನದಿಂದ ದಿನಕ್ಕೆ ಜಮೆಯಾಗುತ್ತಾ ಹೋಗುತ್ತದೆ. ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾ ಸಮುದ್ರದಲ್ಲಿ ಎಣಿಸುವುದೂ ಇದನ್ನೇ: ಮಾಮೂಲಿ ಬೇಸಿಗೆಯ ಗರಿಷ್ಠಕ್ಕಿಂತ ಎಷ್ಟು ಡಿಗ್ರಿ ಹೆಚ್ಚು, ಎಷ್ಟು ವಾರ. ಆ ಗುಣಾಕಾರ 4 ದಾಟಿದರೆ ಬೆಳ್ಳಗಾಗುವ ಸಂಭವ, 8 ದಾಟಿದರೆ ಸಾವು ನೋವು. ನನ್ನ ಟಬ್ಬು ಸುಮ್ಮನೆ ಆ ಲೆಕ್ಕ ಏರಿಸುತ್ತಾ ಕೂತಿತ್ತು.

ದಾರಿ ಸಿಕ್ಕಿದ್ದು ಅಮೆರಿಕನ್ ಸಮೋವಾದ ಓಫು ದ್ವೀಪದ ಹೊಂಡಗಳ ಬಗ್ಗೆ ಓದಿದಾಗ. ಅಲ್ಲಿ ಇಳಿತದ ಹೊತ್ತಲ್ಲಿ ಮಧ್ಯಾಹ್ನದ ಬಿಸಿಲು ಬಿದ್ದರೆ ಆಳವಿಲ್ಲದ ಹೊಂಡದ ನೀರು 34 ಡಿಗ್ರಿಗೂ ಮೇಲೆ ಹೋಗುತ್ತದೆ, ಕೆಲವೇ ಗಂಟೆಗಳಲ್ಲಿ ಉಬ್ಬರ ಬಂದು ಮತ್ತೆ ತಂಪಾಗುತ್ತದೆ. ಪಕ್ಕದ ತಂಪು ಹೊಂಡದ ಅಕ್ರೋಪೋರಾವನ್ನು ಇದರಲ್ಲಿ ತಂದು ನೆಟ್ಟರೆ ಎರಡು ವರ್ಷದೊಳಗೆ ಅದರ ತಾಳಿಕೆ ಹೆಚ್ಚುತ್ತದೆ ಎಂದು 2014ರಲ್ಲಿ ಸಂಶೋಧಕ ಪಲುಂಬಿ ಮತ್ತು ಸಂಗಡಿಗರು ತೋರಿಸಿದರು. ಅಂದರೆ ಬೇಕಾಗಿದ್ದು ಬಿಸಿ ಮಾತ್ರ ಅಲ್ಲ, ಬಿಸಿ ಮತ್ತು ಬಿಡುವು. ಹಗಲು ಸುಟ್ಟ ಜೀವಕೋಶ ರಾತ್ರಿ ರಿಪೇರಿ ಮಾಡಿಕೊಳ್ಳಬೇಕು. ರಿಪೇರಿಯ ಸಾಮಾನು ಮರುದಿನಕ್ಕೂ ಕೈಗೆ ಸಿಗುವಂತೆ ಇಟ್ಟುಕೊಳ್ಳುವುದೇ ಪಳಗುವುದು.

ಸಾಮಾನಿನ ವಿಷಯಕ್ಕೆ ಬರೋಣ. 45 ಲೀಟರಿನ ಎರಡು ಪ್ಲಾಸ್ಟಿಕ್ ಟಬ್ಬು, ಎರಡೂ 300 ಲೀಟರಿನ ಮುಖ್ಯ ಟ್ಯಾಂಕಿನ ಸಂಪ್‌ಗೆ (ಟ್ಯಾಂಕಿನ ನೀರು ಶೋಧಿಸುವ ಪಕ್ಕದ ತೊಟ್ಟಿಗೆ) ಜೋಡಿಸಿದ್ದು. ಒಂದರಲ್ಲಿ ಪಳಗಿಸುವ ತುಂಡು, ಇನ್ನೊಂದರಲ್ಲಿ ಹೋಲಿಕೆಯ ತುಂಡು. ನಾಲ್ಕು ತಾಯಿ ಹವಳ: ಎರಡು ಅಕ್ರೋಪೋರಾ, ಒಂದು ಸ್ಟೈಲೋಫೋರಾ, ಒಂದು ಎಲೆಯಾಕಾರದ ಮೊಂಟಿಪೋರಾ. ಒಂದೊಂದರಿಂದ ಆರು ತುಂಡು, ಮೂರು ಇಲ್ಲಿ, ಮೂರು ಅಲ್ಲಿ. ಒಂದೇ ತಾಯಿಯ ತುಂಡುಗಳು ಎರಡೂ ಕಡೆ ಇಲ್ಲದಿದ್ದರೆ ನೋಡಿದ ವ್ಯತ್ಯಾಸ ಪಳಗಿಸಿದ್ದರಿಂದ ಬಂದದ್ದೋ ಹುಟ್ಟುಗುಣವೋ ಹೇಳಲಾಗದು. ಕತ್ತರಿಸಿದ ಮೇಲೆ ಗಾಯದ ಮೇಲೆ ಚರ್ಮ ಹರಡಿ ಬುಡ ಪ್ಲಗ್ಗಿಗೆ (ತುಂಡು ಅಂಟಿಸುವ ಸಣ್ಣ ಬಿಲ್ಲೆಗೆ) ಹತ್ತುವವರೆಗೆ ಮೂರು ವಾರ ಮುಟ್ಟಬೇಡಿ. ಹತ್ತೇ ದಿನಕ್ಕೆ ಬಿಸಿ ಕೊಟ್ಟ ಒಂದು ಕಂತು ಪೂರ್ತಿ ಬುಡದಿಂದ ಸುಲಿದು ಹೋಯಿತು.

ಹೀಟರು 100 ವ್ಯಾಟಿನದು ಸಾಕು. 45 ಲೀಟರನ್ನು ಒಂದು ಡಿಗ್ರಿ ಏರಿಸಲು ಅದಕ್ಕೆ ಅರ್ಧ ಗಂಟೆ ಸಾಕಾಗುತ್ತದೆ. ನಮಗೆ ಬೇಕಾದ್ದು ಗಂಟೆಗೆ ಒಂದೇ ಡಿಗ್ರಿ. ಮೊದಲು ಹಾಕಿದ್ದ 300 ವ್ಯಾಟಿನ ಹೀಟರು ಆಫ್ ಆದ ಮೇಲೂ ನೀರನ್ನು ಒಂದು ಡಿಗ್ರಿಯಷ್ಟು ಮೇಲೆ ಒಯ್ಯುತ್ತಿತ್ತು. ಅಂಗಡಿಯ ಥರ್ಮೋಸ್ಟಾಟ್‌ನಲ್ಲಿ ಹೀಗೆ ಹಂತ ಹಂತವಾಗಿ ಏರಿಸಲು ಬರುವುದಿಲ್ಲ. ಹಾಗಾಗಿ ಒಂದು ಆರ್ಡುಯಿನೊ (ಪ್ರೋಗ್ರಾಮು ಹಾಕಬಹುದಾದ ಸಣ್ಣ ಬೋರ್ಡು), ಹೀಟರನ್ನು ಆನ್-ಆಫ್ ಮಾಡುವ ಸ್ವಿಚ್ಚಾದ ಒಂದು ರಿಲೇ, ಉಷ್ಣತೆ ಅಳೆಯುವ ಡಿಎಸ್18ಬಿ20 ಸೆನ್ಸರ್ ಎರಡು. ಹದಿನೈದು ನಿಮಿಷಕ್ಕೊಮ್ಮೆ ಕಾಲು ಡಿಗ್ರಿ ಗುರಿ ಏರಿಸುವ ಪ್ರೋಗ್ರಾಮು, ಅಷ್ಟೇ. ಈ ಸೆನ್ಸರ್ ಅರ್ಧ ಡಿಗ್ರಿ ಆಚೀಚೆ ತೋರಿಸಬಹುದು, ಆದ್ದರಿಂದ ಕರಗುತ್ತಿರುವ ಐಸ್ ನೀರಿನಲ್ಲಿ ಒಮ್ಮೆ, ನಂಬಿಕೆಯ ಥರ್ಮಾಮೀಟರ್ ಜೊತೆ 30ರಲ್ಲಿ ಇನ್ನೊಮ್ಮೆ ಹೊಂದಿಸಿ. ಹೊಂದಿಸದೆ ಓಡಿಸಿದ ಟಬ್ಬು ನಾನು ಅಂದುಕೊಂಡದ್ದಕ್ಕಿಂತ 0.6 ಡಿಗ್ರಿ ಬಿಸಿ ಇತ್ತು. ಈ ಕೆಲಸದಲ್ಲಿ 0.6 ಅಂದರೆ ಒಂದು ವಾರದ ಪಾಠ.

ರಿಲೇ ಒಂದನ್ನೇ ನಂಬಬೇಡಿ. ಅದರ ಕಾಂಟ್ಯಾಕ್ಟು ಬೆಸೆದುಕೊಂಡು ಒಂದು ರಾತ್ರಿ ಹೀಟರು ಆಫೇ ಆಗಲಿಲ್ಲ. ಬೆಳಗ್ಗೆ ನೋಡಿದರೆ 34, ಒಂಬತ್ತು ತುಂಡು ಲೋಳೆ ಬಿಡುತ್ತಿದ್ದವು. ತುಂಡಿಗೆ 25-30 ಡಾಲರ್ ಹಿಡಿದರೂ ಲೆಕ್ಕ ಹಾಕಿಕೊಳ್ಳಿ. ಈಗ ಆರ್ಡುಯಿನೊ ಮೇಲ್ಗಡೆ ಬೇರೆ ಥರ್ಮೋಸ್ಟಾಟ್ ಒಂದನ್ನು ಸರಣಿಯಲ್ಲಿ ಹಾಕಿದ್ದೇನೆ. ಪಳಗಿಸುವ ದಿನಗಳಲ್ಲಿ 31.5ಕ್ಕೆ ಅದು ಕರೆಂಟು ಕಡಿದುಬಿಡುತ್ತದೆ. 35 ಡಾಲರ್.

ಏರಿಸುವುದು ಸುಲಭ, ಇಳಿಸುವುದೇ ಕಷ್ಟ. ಪೆಲ್ಟಿಯರ್ ಕೂಲರಿಗೆ (ಕರೆಂಟು ಹರಿದಾಗ ಒಂದು ಬದಿ ತಂಪಾಗುವ ಫಲಕ) 90 ಡಾಲರ್ ಸುರಿದೆ. ಗ್ಯಾರೇಜಿನ ಸೆಕೆಯಲ್ಲಿ ಅದು ಅರ್ಧ ಡಿಗ್ರಿ ಇಳಿಸಲೂ ಒದ್ದಾಡಿತು. ಫ್ಯಾನು ಇಳಿಸಿತು, ಆದರೆ ದಿನಕ್ಕೆ ಎರಡು ಲೀಟರ್ ನೀರು ಆವಿ ಮಾಡಿತು. ಆವಿಯಾದಷ್ಟು ನೀರು ತುಂಬುವ ಟಾಪ್-ಆಫ್ ಫ್ಲೋಟು ಸಿಕ್ಕಿಕೊಂಡ ಎರಡು ದಿನದಲ್ಲಿ ಉಪ್ಪಿನಂಶ ಸಾವಿರಕ್ಕೆ 35ರಿಂದ 38 ದಾಟಿತು. ಕೊನೆಗೆ ಕೆಲಸಕ್ಕೆ ಬಂದದ್ದು 15 ಡಾಲರಿನ ಪಂಪು. ಬಿಸಿಯ ಹೊತ್ತು ಮುಗಿದೊಡನೆ ಟೈಮರು ಅದನ್ನು ಓಡಿಸಿ 26ರಲ್ಲಿರುವ ಸಂಪಿನ ನೀರನ್ನು ಟಬ್ಬಿಗೆ ಸಣ್ಣ ಧಾರೆಯಾಗಿ ಬಿಡುತ್ತದೆ, ಟಬ್ಬಿನ ನೀರು ಉಕ್ಕಿ ಸಂಪಿಗೆ ವಾಪಸ್. ಮೂರು ಗಂಟೆಯಲ್ಲಿ ಇಳಿಯುತ್ತದೆ, ಮುಖ್ಯ ಟ್ಯಾಂಕು ಅರ್ಧ ಡಿಗ್ರಿ ಏರಿ ಮತ್ತೆ ಸರಿಹೋಗುತ್ತದೆ. ಇನ್ನೊಂದು ಲಾಭ, ಎರಡೂ ಟಬ್ಬಿನ ರಸಾಯನ ಒಂದೇ ಆಗಿರುತ್ತದೆ.

ವೇಳಾಪಟ್ಟಿ ಹೀಗೆ. ತಳ 26.5. ಮೊದಲ ವಾರ ದಿನಕ್ಕೊಮ್ಮೆ 28ಕ್ಕೆ ಏರಿಸಿ ಎರಡು ಗಂಟೆ ಹಿಡಿದು ಇಳಿಸುವುದು. ಆಮೇಲೆ ವಾರಕ್ಕೆ ಅರ್ಧ ಡಿಗ್ರಿಯಂತೆ ಶಿಖರ ಏರಿಸಿ ಆರನೇ ವಾರಕ್ಕೆ 30.5. ಏಳನೇ ವಾರದಿಂದ ಹಿಡಿಯುವ ಹೊತ್ತು ಎರಡರಿಂದ ನಾಲ್ಕು ಗಂಟೆ. ಭಾನುವಾರ ಬಿಸಿ ಇಲ್ಲ. ಬೆಳಕು ಮೊದಲ ಎರಡು ವಾರ 150 ಪಾರ್ (ಪಾಚಿಯ ದ್ಯುತಿಸಂಶ್ಲೇಷಣೆಗೆ ಸಿಗುವ ಬೆಳಕಿನ ಅಳತೆ), ಶಿಖರ ಬರುವುದು ದೀಪ ಆರಿದ ಮೇಲೆ. ಮೂರನೇ ವಾರದಿಂದ ಶಿಖರವನ್ನು ದಿನಕ್ಕೆ ಅರ್ಧ ಗಂಟೆಯಂತೆ ಹಿಂದಕ್ಕೆ ಸರಿಸಿ ಹಗಲಿನ ಬೆಳಕಿಗೆ ಕೂಡಿಸಿದೆ, ಬೆಳಕನ್ನು 220ಕ್ಕೆ ತಂದೆ. ಬಿಸಿಯಾದಾಗ ಹವಳದೊಳಗಿನ ಸಹಜೀವಿ ಪಾಚಿಗೆ ಬಂದ ಬೆಳಕನ್ನು ಸಂಭಾಳಿಸಲಾಗುವುದಿಲ್ಲ, ಏಟು ಬೀಳುವುದು ಅಲ್ಲಿ. ಆದ್ದರಿಂದ ಶುರುವಿನಲ್ಲೇ ಎರಡನ್ನೂ ಒಟ್ಟಿಗೆ ಹೊರಿಸಬೇಡಿ. ಒಂಬತ್ತು, ಹತ್ತನೇ ವಾರದಲ್ಲಿ ಬಿಡುವಿನ ದಿನಗಳನ್ನು ಹೇಗೆ ಹಂಚಿದೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಇನ್ನೊಂದು ಸಲ ಅದೇ ಫಲ ಬರಲಿ, ಬರೆಯುತ್ತೇನೆ.

ನೀರು ಅಲುಗಾಡುತ್ತಿರಲಿ. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಹವಳದ ಉಸಿರಾಟ ಹೆಚ್ಚು. ರಾತ್ರಿ ಶಿಖರ ಕೊಡುವ ಎರಡು ವಾರ ಗಾಳಿಗುಳ್ಳೆ ಬಿಡುವ ಏರ್‌ಸ್ಟೋನ್ ಇರಲೇಬೇಕು. ಟಬ್ಬಿನ ಮೂಲೆಯಲ್ಲಿ ನೀರು ನಿಂತ ಕಡೆ ಇದ್ದ ತುಂಡುಗಳೇ ಯಾವಾಗಲೂ ಮೊದಲು ತಿಳಿಯಾದವು.

ಇನ್ನೊಂದು ಕಂತು ಹಾಳಾದದ್ದು ಶುಚಿತ್ವದ ಹುಚ್ಚಿನಿಂದ. ಫಾಸ್ಫೇಟ್ ತೆಗೆಯುವ ಮೀಡಿಯಾ ಹಾಕಿ ಅದನ್ನು ಸೊನ್ನೆಗೆ ತಂದಿದ್ದೆ, ನೈಟ್ರೇಟ್ ಲೀಟರಿಗೆ 15 ಮಿಲಿಗ್ರಾಂ ಹತ್ತಿರ ಇತ್ತು. ಶಿಖರ 29 ಮುಟ್ಟುವುದರೊಳಗೆ ಎಲ್ಲ ತಿಳಿಯಾದವು. ನೈಟ್ರೇಟ್ ಇದ್ದು ಫಾಸ್ಫೇಟ್ ಇಲ್ಲದ ನೀರಲ್ಲಿ ಹವಳ ಬಿಸಿ ಮತ್ತು ಬೆಳಕಿಗೆ ಬೇಗ ಬೆಳ್ಳಗಾಗುತ್ತದೆ ಎಂದು ಸೌತಾಂಪ್ಟನ್ ವಿಶ್ವವಿದ್ಯಾಲಯದವರು 2013ರಲ್ಲೇ ಪ್ರಕಟಿಸಿದ್ದರು. ಈಗ ನೈಟ್ರೇಟ್ 5-8, ಫಾಸ್ಫೇಟ್ 0.06ರ ಆಸುಪಾಸು, ಆಲ್ಕಲಿನಿಟಿ (ನೀರಿನ ಕ್ಷಾರೀಯತೆ) 8, ದಿನಕ್ಕೆ 0.3ಕ್ಕಿಂತ ಹೆಚ್ಚು ಏರುಪೇರು ಬಿಡುವುದಿಲ್ಲ. ವಾರಕ್ಕೆರಡು ಸಲ ದೀಪ ಆರಿದ ಮೇಲೆ ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮರಿ ಉಣಿಸುತ್ತೇನೆ. ಉಣಿಸಿದ ಟಬ್ಬಿಗೂ ಉಣಿಸದ ಟಬ್ಬಿಗೂ ಬಣ್ಣದಲ್ಲಿ ಒಂದು ಅಂಕೆಯಷ್ಟು ವ್ಯತ್ಯಾಸ ಕಂಡಿತು.

ಬಣ್ಣ ಅಳೆಯಲು ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕೋರಲ್‌ವಾಚ್ ಕಾರ್ಡು, 1ರಿಂದ 6. ಎರಡು ಅಂಕೆ ಇಳಿದರೆ ಬೆಳ್ಳಗಾಗುತ್ತಿದೆ ಎಂದರ್ಥ. ಒಂದೇ ಹೊತ್ತು, ಒಂದೇ ಬಿಳಿ ದೀಪ, ನೀಲಿ ದೀಪ ಆಫ್. ಆದರೆ ಕಾರ್ಡಿಗಿಂತ ಮೂರ್ನಾಲ್ಕು ದಿನ ಮೊದಲೇ ಹತ್ತು ಪಟ್ಟಿನ ಲೂಪ್ (ಭೂತಗನ್ನಡಿ) ಹೇಳುತ್ತದೆ. ಪಾಲಿಪ್ ಪಾಲಿಪ್ (ಹವಳದ ಒಂದೊಂದು ಪುಟ್ಟ ಜೀವಿ) ನಡುವಿನ ಚರ್ಮ ನೋಡಿ. ಚೆನ್ನಾಗಿದ್ದಾಗ ಕಾಫಿ ಪುಡಿ ಒತ್ತಾಗಿ ಉದುರಿಸಿದಂತೆ ಕಂದು ಹಾಸು. ಏಟು ಬಿದ್ದಾಗ ಮೇಲ್ಮುಖದಲ್ಲಿ ಮೊದಲು ಪುಡಿ ತೆಳುವಾಗಿ ಅಡಿಯ ಬಿಳಿ ಕಾಣುತ್ತದೆ, ಪಾಲಿಪ್ಪಿನ ಬಾಯಿಂದ ಕಂದು ಲೋಳೆಯ ಎಳೆ ಹೊರಗೆ ತೇಲುತ್ತದೆ. ಅದು ಹವಳ ಹೊರಹಾಕುತ್ತಿರುವ ಪಾಚಿ. ಎಳೆ ಕಂಡ ದಿನವೇ ಶಿಖರ ಒಂದು ಡಿಗ್ರಿ ಇಳಿಸಿ ನಾಲ್ಕು ದಿನ ನಿಲ್ಲಿಸಿದರೆ ವಾಪಸ್ ಬರುತ್ತದೆ. ಬಿಳಿಯಾದರೂ ಮೇಲೆ ಗಾಜಿನಂತಹ ಚರ್ಮ ಇದ್ದರೆ ಜೀವ ಇದೆ. ಚರ್ಮವೇ ಬುಡದಿಂದ ಸುಲಿಯುತ್ತಿದ್ದರೆ ಅದು ಬೇರೆ ರೋಗ, ಆ ತುಂಡನ್ನು ತಕ್ಷಣ ಹೊರಗೆ ತೆಗೆಯಿರಿ.

ನಡುವೆ ಒಂದು ಪಕ್ಕದ ಪ್ರಯೋಗ. ಬಿಸಿ ತಾಳುವ ಡುರುಸ್‌ಡಿನಿಯಂ ಪಾಚಿ ಹೆಚ್ಚಾದರೆ ಹವಳಕ್ಕೆ 1ರಿಂದ 1.5 ಡಿಗ್ರಿ ಹೆಚ್ಚು ತಾಳಿಕೆ ಬರುತ್ತದೆ ಎಂದು 2006ರಲ್ಲಿ ಗ್ರೇಟ್ ಬ್ಯಾರಿಯರ್ ರೀಫಿನ ಅಕ್ರೋಪೋರಾ ಮಿಲ್ಲೆಪೋರಾದಲ್ಲಿ ಸಂಶೋಧಕರಾದ ಬರ್ಕೆಲ್ಮನ್ಸ್ ಮತ್ತು ವಾನ್ ಓಪ್ಪೆನ್ ತೋರಿಸಿದ್ದರು. ಬೇಕೆಂದೇ ಅರ್ಧ ಬೆಳ್ಳಗೆ ಮಾಡಿ, ಬಿಸಿಯಲ್ಲೇ ಚೇತರಿಸಲು ಬಿಟ್ಟರೆ ಆ ಪಾಚಿ ಮೇಲುಗೈ ಪಡೆಯಬಹುದೆಂದು ಆರು ತುಂಡಿನಲ್ಲಿ ನೋಡಿದೆ. ನಾಲ್ಕು ಸತ್ತವು. ಉಳಿದೆರಡು ಕಡುಕಂದಾಗಿ ಗಟ್ಟಿಯಾಗಿವೆ, ಬೆಳವಣಿಗೆ ಮಾತ್ರ ತೀರ ನಿಧಾನ. ಡಿಎನ್‌ಎ ಪರೀಕ್ಷೆ ಮಾಡಿಸದೆ ಪಾಚಿ ಬದಲಾಯಿತು ಎಂದು ಹೇಳುವುದಿಲ್ಲ.

ಹತ್ತು ದಿನದ ಪರೀಕ್ಷೆಗೆ ಮೊದಲು ಸಣ್ಣ ಪರೀಕ್ಷೆಯೊಂದನ್ನು ಮಾಡಿಕೊಳ್ಳುವುದು ಒಳ್ಳೆಯದು. ಸಂಶೋಧಕರು ಸೀಬ್ಯಾಸ್ ಎನ್ನುವ 18 ಗಂಟೆಯ ವಿಧಾನದ ಬಡವರ ಆವೃತ್ತಿ ಇದು. ನಾಲ್ಕು ಐಸ್‌ಬಾಕ್ಸು, 27, 30, 33, 36. ಮೂರು ಗಂಟೆ ಏರಿಕೆ, ಮೂರು ಗಂಟೆ ಹಿಡಿತ, ಒಂದು ಗಂಟೆ ಇಳಿಕೆ, ರಾತ್ರಿಯಿಡೀ 27, ಬೆಳಗ್ಗೆ ಫೋಟೋ. ತುಂಡು ಉಗುರಿನಷ್ಟಿದ್ದರೆ ಸಾಕು. 36ರಲ್ಲಿ ಎಲ್ಲವೂ ಹೋಗುತ್ತವೆ, ನೋಡಬೇಕಾದ್ದು 33. ಪಳಗಿದವು ಅಲ್ಲಿ ಬೆಳಗ್ಗೆ ಪಾಲಿಪ್ ತೆರೆದಿದ್ದವು, ಪಳಗದವು ಮುಚ್ಚಿಕೊಂಡು ಮಾಸಿದ್ದವು. ದೊಡ್ಡ ಪರೀಕ್ಷೆಗೆ ಟಬ್ಬುಗಳನ್ನು ಸಂಪಿನಿಂದ ಬೇರ್ಪಡಿಸಿ, ಕಾವಲು ಥರ್ಮೋಸ್ಟಾಟನ್ನು 32.5ಕ್ಕೆ ಏರಿಸಿ, ದಿನ ಬಿಟ್ಟು ದಿನ ಮೊದಲೇ ಬಿಸಿ ಮಾಡಿದ ನೀರಿನಿಂದ ಐದರಲ್ಲೊಂದು ಪಾಲು ಬದಲಿಸಿದೆ.

ಒಟ್ಟು ಖರ್ಚು ಸತ್ತ ತುಂಡುಗಳನ್ನೂ ಸೇರಿಸಿ 1,100 ಡಾಲರ್ ಹತ್ತಿರ. ಕೆಟ್ಟ ಕಂತುಗಳನ್ನು ಬಿಟ್ಟು ಹೊಸದಾಗಿ ಶುರು ಮಾಡುವವರಿಗೆ 350-400ರಲ್ಲಿ ಆಗುತ್ತದೆ. ಕರೆಂಟು ತಿಂಗಳಿಗೆ 20-25 ಹೆಚ್ಚು ಬಂತು.

ಪಳಗಿದ ಅಕ್ರೋಪೋರಾ ಹೋಲಿಕೆಯ ಟಬ್ಬಿನದಕ್ಕಿಂತ ಮೂರರಲ್ಲೊಂದು ಪಾಲು ಕಡಿಮೆ ಬೆಳೆದಿತ್ತು. ಪಳಗಿಸಿದ್ದು ಶಾಶ್ವತವೂ ಅಲ್ಲ. ಬೇರೆ ಎತ್ತಿಟ್ಟು 26.5ರಲ್ಲಿ ಎರಡೂವರೆ ತಿಂಗಳು ಬಿಟ್ಟಿದ್ದ ಪಳಗಿದ ತುಂಡುಗಳು 33ರ ಪರೀಕ್ಷೆಯಲ್ಲಿ ಅರ್ಧಕ್ಕರ್ಧ ತಿಳಿಯಾದವು. ಆದ್ದರಿಂದ ಈಗ ತಿಂಗಳಿಗೆ ಐದು ದಿನ 30ರ ಶಿಖರ ಕೊಡುತ್ತಿದ್ದೇನೆ. ಸ್ಟೈಲೋಫೋರಾ ಇದಕ್ಕೆ ಚೆನ್ನಾಗಿ ಸ್ಪಂದಿಸುತ್ತಿದೆ. ತಿಳಿಯಾದ ಎರಡೂ ಮೊಂಟಿಪೋರಾ ತುಂಡುಗಳೇ. ಅದರ ಅಂಚು 30ರಲ್ಲೂ ಮಾಸುತ್ತದೆ. ಅದಕ್ಕೆ ಶಿಖರವನ್ನು 29.5ಕ್ಕೆ ಇಳಿಸಿ, ಹಿಡಿಯುವ ಹೊತ್ತನ್ನು ಆರು ಗಂಟೆಗೆ ಎಳೆದು ಮೂರನೇ ಟಬ್ಬಿನಲ್ಲಿ ನೋಡುತ್ತಿದ್ದೇನೆ, ಇವತ್ತಿಗೆ ನಾಲ್ಕನೇ ವಾರ.