ಕ್ಯಾಶ್ ಕೌಂಟರ್‌ಗೆ ಹೊಸಬರಾಗಿದ್ದರೆ, ಸಂಜೆಯ ಲೆಕ್ಕಕ್ಕೆ ಇಷ್ಟು ತಿಳಿದಿರಲಿ

ಉಡುಪಿ, ಮಂಗಳೂರು ಕಡೆಯ ಬ್ಯಾಂಕ್, ಸೊಸೈಟಿಗಳಲ್ಲಿ ಈಗಷ್ಟೇ ಕೌಂಟರ್‌ಗೆ ಕೂತವರಿಗೆ ಸಂಜೆ ಲೆಕ್ಕ ತಾಳೆಯಾಗದಿದ್ದರೆ 'ಈ ಕೆಲಸ ನನ್ನಿಂದಾಗದು' ಅನ್ನಿಸಿಬಿಡುತ್ತದೆ. ಆ ಗಾಬರಿಯಲ್ಲೇ ಚೀಟಿಗಳನ್ನೆಲ್ಲ ಮೊದಲಿನಿಂದ ಕೂಡಿಸಲು ಹೋಗಬೇಡಿ, ಹೊಸ ತಪ್ಪು ಸೇರುತ್ತದೆ. ಮೊದಲು ವ್ಯತ್ಯಾಸದ ಮೊತ್ತ ನೋಡಿ. 9ರಿಂದ ಶೇಷವಿಲ್ಲದೆ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು: 540ರ ಬದಲು 450 ಬರೆದರೆ ವ್ಯತ್ಯಾಸ 90. ಭಾಗವಾಗದಿದ್ದರೆ ಅರ್ಧ ಮಾಡಿ. 1,200 ರೂಪಾಯಿ ವ್ಯತ್ಯಾಸಕ್ಕೆ 600ರ ಚೀಟಿ ಹುಡುಕಿ. ಜಮೆಯಾಗಬೇಕಾದ್ದು ಖರ್ಚಿಗೆ ಬಿದ್ದಿರಬಹುದು. ಪ್ರತಿ ಚೀಟಿಯ ಹಿಂದೆ ಯಾವ ನೋಟು ಎಷ್ಟು ಎಂದು ಬರೆದಿಡುವ ಅಭ್ಯಾಸವಿದ್ದರೆ ಹುಡುಕಾಟ ತುಂಬಾ ಸುಲಭ.

ಸಿಗಲಿಲ್ಲವೇ? ಅಧಿಕಾರಿಗೆ ಅವತ್ತೇ ಹೇಳಿ. ಕೈಯಿಂದ ದುಡ್ಡು ಹಾಕಿ ಸರಿದೂಗಿಸುವುದು ಮಾತ್ರ ಬೇಡವೇ ಬೇಡ. ನಾಳೆ ನಿಜವಾದ ತಪ್ಪು ಸಿಕ್ಕಾಗ ಅದೇ ಹೊಸ ವ್ಯತ್ಯಾಸವಾಗಿ ಕೂರುತ್ತದೆ.

ಘಟ್ಟದ ಮೇಲಿಂದ ಬಂದವರು 'ದಾದ ಬೋಡು' (ಏನು ಬೇಕು), 'ಒಂತೆ ಕುಲ್ಲುಲೆ' (ಸ್ವಲ್ಪ ಕೂತುಕೊಳ್ಳಿ) ಎನ್ನುವಷ್ಟಾದರೂ ತುಳು ಕಲಿಯಿರಿ. ಎದುರಿನ ಅಜ್ಜಿ ಸಮಾಧಾನದಿಂದ ಕೂರುತ್ತಾರೆ, ನಿಮಗೂ ನೋಟು ಎರಡನೇ ಸಲ ಎಣಿಸಲು ಸಮಯ ಸಿಗುತ್ತದೆ.