ವಿದೇಶದಲ್ಲಿ ಓದುವಾಗ ಇಂಟರ್ನ್‌ಶಿಪ್: ಅನುಮತಿ ಮೊದಲು, ಕಂಪನಿ ಆಮೇಲೆ

ವಿದೇಶದಲ್ಲಿ ಓದುತ್ತಿರುವವರು ಇಂಟರ್ನ್‌ಶಿಪ್ ಬೇಕೆಂದ ಕೂಡಲೇ ಉದ್ಯೋಗದ ಜಾಲತಾಣಗಳನ್ನು ಜಾಲಾಡಲು ಕೂರುತ್ತಾರೆ. ಮೊದಲು ನೋಡಬೇಕಾದದ್ದು ತಮ್ಮದೇ ಕೋರ್ಸಿನ ಪಠ್ಯಕ್ರಮವನ್ನು. ಇಂಟರ್ನ್‌ಶಿಪ್ ಕಡ್ಡಾಯವೋ ಐಚ್ಛಿಕವೋ ಎಂಬ ಒಂದು ಸಾಲು ಅಲ್ಲಿರುತ್ತದೆ. ಮುಂದಿನ ವೀಸಾ ಲೆಕ್ಕಾಚಾರ ಬಹುಮಟ್ಟಿಗೆ ನಿಂತಿರುವುದು ಆ ಸಾಲಿನ ಮೇಲೆಯೇ.

ಜರ್ಮನಿಯನ್ನೇ ನೋಡಿ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬಂದ ವಿದ್ಯಾರ್ಥಿ ಅಲ್ಲಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಪಠ್ಯಕ್ರಮವೇ ವಿಧಿಸಿದ ಇಂಟರ್ನ್‌ಶಿಪ್ ಈ ಮಿತಿಗೆ ಸೇರುವುದಿಲ್ಲ. ಸ್ವಂತ ಆಸಕ್ತಿಯಿಂದ ಮಾಡಿದ್ದು ಸೇರುತ್ತದೆ. ಕಡ್ಡಾಯದ್ದೇ ಲಾಭ ಎಂದು ಹಿಗ್ಗಬೇಡಿ. ಅದಕ್ಕೆ ಅಲ್ಲಿನ ಕನಿಷ್ಠ ವೇತನದ ಕಾನೂನು ಅನ್ವಯಿಸುವುದಿಲ್ಲ. ಆಸ್ಟ್ರೇಲಿಯಾದಲ್ಲೂ ತರಗತಿಗಳು ನಡೆಯುವಾಗ ಎರಡು ವಾರಕ್ಕೆ 48 ಗಂಟೆಯ ಮಿತಿಯಿದ್ದು, ಕೋರ್ಸಿನ ಕಡ್ಡಾಯ ಭಾಗವಾಗಿ ನೋಂದಾಯಿತವಾದ ಕೆಲಸಕ್ಕೆ ವಿನಾಯಿತಿ ಇದೆ.

ಎರಡನೆಯ ಹೆಜ್ಜೆ, ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿ. ಸಹಪಾಠಿಗಳ ವಾಟ್ಸ್‌ಆ್ಯಪ್ ಗುಂಪಿನ ಸಲಹೆ ಈ ಕಚೇರಿಗೆ ಬದಲಿಯಾಗದು. ಅಮೆರಿಕದಲ್ಲಿ ಎಫ್‌-1 ವೀಸಾದ ಮೇಲಿರುವವರು ವ್ಯಾಸಂಗದ ನಡುವೆ ಇಂಟರ್ನ್‌ಶಿಪ್ ಮಾಡಲು ಸಿಪಿಟಿ ಎಂಬ ಅನುಮತಿ ಬೇಕು. ಸಾಮಾನ್ಯವಾಗಿ ಒಂದು ಪೂರ್ಣ ಶೈಕ್ಷಣಿಕ ವರ್ಷ ಓದಿದ ಮೇಲೆಯೇ ಇದು ಸಿಗುತ್ತದೆ. ಅದನ್ನು ಕೊಡುವುದು ಇಂಥದ್ದೇ ಸಂಸ್ಥೆಗೆ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು. ವಿಶ್ವವಿದ್ಯಾಲಯ ಕೊಡುವ ಐ-20 ಎಂಬ ಅರ್ಹತಾ ಪತ್ರದಲ್ಲಿ ನಮೂದಾದ ದಿನಕ್ಕಿಂತ ಒಂದು ದಿನ ಮುಂಚೆ ಕೆಲಸಕ್ಕೆ ಕುಳಿತರೂ ವೀಸಾ ನಿಯಮದ ಉಲ್ಲಂಘನೆ. ಇನ್ನೊಂದು ಮಾತು: ಪೂರ್ಣಾವಧಿ ಸಿಪಿಟಿ 12 ತಿಂಗಳು ಮುಟ್ಟಿದರೆ, ಪದವಿಯ ನಂತರ ಅದೇ ಹಂತದಲ್ಲಿ ಸಿಗಬೇಕಾದ ಒಪಿಟಿ, ಅಂದರೆ ಓದಿದ ಕ್ಷೇತ್ರದಲ್ಲಿ ತಾತ್ಕಾಲಿಕವಾಗಿ ದುಡಿಯುವ ಅನುಮತಿ, ಕೈತಪ್ಪುತ್ತದೆ.

ಕಂಪನಿ ಹುಡುಕುವ ಸರದಿ ಇನ್ನು ಬರಲಿ. ವಿಭಾಗದ ಪ್ರಾಧ್ಯಾಪಕರು, ಹಿಂದಿನ ವರ್ಷ ಇಂಟರ್ನ್‌ಶಿಪ್ ಮುಗಿಸಿದ ಹಿರಿಯ ವಿದ್ಯಾರ್ಥಿಗಳು, ವೃತ್ತಿ ಮಾರ್ಗದರ್ಶನ ಕೇಂದ್ರ. ಈ ಮೂರು ಕಡೆ ಕೇಳಿದ ಬಳಿಕವೇ ಅಪರಿಚಿತರಿಗೆ ಅರ್ಜಿ ಹಾಕಿ.

ಆಮೇಲೆ ಬರುವುದು ಒಪ್ಪಂದ. ಹೆಚ್ಚಿನವರು ಅವಸರಪಡುವುದು ಇಲ್ಲಿಯೇ. ಫ್ರಾನ್ಸ್‌ನಲ್ಲಿ ವಿದ್ಯಾರ್ಥಿ, ವಿಶ್ವವಿದ್ಯಾಲಯ ಮತ್ತು ಸಂಸ್ಥೆ ಮೂವರೂ ಸಹಿ ಹಾಕಿದ ಕರಾರು ಇಲ್ಲದೆ ಇಂಟರ್ನ್‌ಶಿಪ್ ಸಾಧ್ಯವೇ ಇಲ್ಲ. ಎರಡು ತಿಂಗಳು ಮೀರಿದರೆ ಭತ್ಯೆ ಕೊಡುವುದೂ ಕಡ್ಡಾಯ. ಬೇರೆ ದೇಶದಲ್ಲಿದ್ದರೂ ಇಂಥ ಪತ್ರವನ್ನು ಕೇಳಿ ಪಡೆಯಿರಿ. ಕೆಲಸದ ವಿವರ ಬರೆಯುವ ಜಾಗದಲ್ಲಿ ‘ಪ್ರಯೋಗಾಲಯದ ಕೆಲಸಗಳಲ್ಲಿ ನೆರವು’ ಎಂದಿದ್ದರೆ, ಇಂಟರ್ನ್‌ಶಿಪ್‌ಗೆ ಕ್ರೆಡಿಟ್ (ಪದವಿಗೆ ಲೆಕ್ಕವಾಗುವ ಅಂಕ) ಕೊಡುವ ಸಮಿತಿಯ ಕಣ್ಣಿಗೆ ಅದು ಏನೂ ಅಲ್ಲ. ‘ನೀರಿನ ಮಾದರಿಗಳಲ್ಲಿ ನೈಟ್ರೇಟ್ ಪ್ರಮಾಣ ಅಳೆಯುವುದು, ಫಲಿತಾಂಶವನ್ನು ವಿಶ್ಲೇಷಿಸಿ ವರದಿ ಸಿದ್ಧಪಡಿಸುವುದು’ ಎಂದಿದ್ದರೆ ಅದಕ್ಕೂ ನಿಮ್ಮ ಪಾಠಕ್ಕೂ ಇರುವ ನಂಟು ತಾನಾಗಿ ಕಾಣುತ್ತದೆ.

ಗಂಟೆಗಳ ಲೆಕ್ಕವನ್ನೂ ಅಲ್ಲೇ ಬರೆಸಿ. ಯುರೋಪಿನ ವಿಶ್ವವಿದ್ಯಾಲಯಗಳು ಬಳಸುವ ಇಸಿಟಿಎಸ್ ಎಂಬ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ ಸುಮಾರು 25ರಿಂದ 30 ಗಂಟೆಯ ದುಡಿಮೆ. ಹತ್ತು ಕ್ರೆಡಿಟ್ ಬೇಕಿದ್ದವರು ಆರು ವಾರದ ಕೆಲಸ ಒಪ್ಪಿಕೊಂಡರೆ, ವಾರಕ್ಕೆ 40 ಗಂಟೆಯಂತೆ ದುಡಿದರೂ 240ಕ್ಕೆ ನಿಲ್ಲುತ್ತಾರೆ. ಕನಿಷ್ಠ 250ಕ್ಕೆ ಹತ್ತು ಗಂಟೆ ಕೊರತೆ! ಆರೋಗ್ಯ ಮತ್ತು ಅಪಘಾತ ವಿಮೆ ಯಾರ ಹೊಣೆ ಎಂಬುದೂ ಇದೇ ಪತ್ರದಲ್ಲಿರಲಿ.

ಕೆಲಸ ಶುರುವಾದ ಮೇಲೆ ಪ್ರತಿ ಶುಕ್ರವಾರ ಅರ್ಧ ಪುಟ ಬರೆದಿಡಿ: ಏನು ಮಾಡಿದೆ, ಯಾವ ಪಾಠ ಉಪಯೋಗಕ್ಕೆ ಬಂತು, ಎಲ್ಲಿ ತೊಡಕಾಯಿತು. ಕೊನೆಯ ವರದಿ ಬರೆಯುವಾಗ ನೆನಪನ್ನು ಕೆದಕುತ್ತಾ ಕೂರುವ ಕಷ್ಟ ತಪ್ಪುತ್ತದೆ. ಮುಗಿಸಿ ಹೊರಡುವ ಮೊದಲು ಮೇಲ್ವಿಚಾರಕರಿಂದ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಪ್ರಮಾಣಪತ್ರ ಪಡೆಯಿರಿ. ಅದರಲ್ಲಿ ಆರಂಭದ ಮತ್ತು ಕೊನೆಯ ದಿನಾಂಕ, ಒಟ್ಟು ಗಂಟೆ, ಸಹಿ ಇರಲೇಬೇಕು. ಮೇಲ್ವಿಚಾರಕರು ಬೇರೆ ಕಡೆ ಕೆಲಸಕ್ಕೆ ಸೇರಿಬಿಟ್ಟರೆ ಆ ಸಹಿಗಾಗಿ ತಿಂಗಳುಗಟ್ಟಲೆ ಇಮೇಲ್ ಬರೆಯಬೇಕಾದೀತು.